ಗೆದ್ದಲು ತಿನ್ನದ ಪೆಟ್ಟಿಗೆ

ನನ್ನ ಮನೆಯಿಂದ ನಾಲ್ಕು ಮನೆ ಆಚೆ ಹೋಗಿ, ಒಂದು ಮರದ ಪೆಟ್ಟಿಗೆಯನ್ನು ತಂದು ನಮ್ಮ ಚಾವಡಿಯಲ್ಲಿ ಇಡಬೇಕೆಂದು ಅಣ್ಣ ನನಗೆ ಹೇಳಿದ್ದ. ನಾನು ಇಡಲಿಲ್ಲ. ಯಾಕೆ ಇಡಲಿಲ್ಲ ಎಂದು ಅವನಿಗೆ ಹೇಳಲೂ ಇಲ್ಲ. ಈಗ ಅವನಿಲ್ಲ. ಅವನ ಬಗ್ಗೆ ಓದಿದವರು ಬರೆದದ್ದು, ಸಭೆಯಲ್ಲಿ ದೊಡ್ಡವರು ಹೇಳಿದ್ದು ಬೇಕಾದಷ್ಟಿದೆ. ಅದರಲ್ಲೆಲ್ಲೂ ಈ ಪೆಟ್ಟಿಗೆಯ ಸುದ್ದಿ ಇಲ್ಲ. ಗೊತ್ತಿದ್ದದ್ದು ನನಗೊಬ್ಬಳಿಗೇ ಆದ್ದರಿಂದ ನಾನೇ ಬರೆಯಬೇಕಾಗಿದೆ.

ಬರೆಯಲು ಕೂರಿಸಿದ್ದು ಒಂದು ಗುಂಡುಸೂಜಿ. ಮೊನ್ನೆ ರೇಷನ್ ಕಾರ್ಡಿನ ಕೆಲಸಕ್ಕೆ ಕಚೇರಿಗೆ ಹೋಗಿದ್ದೆ. ಅಲ್ಲಿಯ ಗುಮಾಸ್ತರು ನನ್ನ ಅರ್ಜಿಗೆ ಹಳೆಯ ಕಾಗದವೊಂದನ್ನು ಸೇರಿಸಿ, ಸೂಜಿ ಚುಚ್ಚಿ, ಮೇಜಿನ ಮೇಲಿಟ್ಟು ಆಚೆ ತಿರುಗಿದರು. ಅವರು ಈಚೆ ತಿರುಗುವಷ್ಟರಲ್ಲಿ ನಾನು ಸೂಜಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ.

"ಎಂತ ಅಮ್ಮ ಇದು? ನಾನು ಹಾಕುವುದು, ನೀವು ತೆಗೆಯುವುದಾ?" ಎಂದರು.

"ತುಕ್ಕು ಹಿಡಿದ ಸೂಜಿ. ಕಾಗದ ಹಾಳಾಗುತ್ತದೆ."

"ಈ ಕಾಗದ ಇನ್ನು ನೂರು ವರ್ಷ ಇರಲಿಕ್ಕುಂಟು ಅಂತ ಗ್ರಹಿಸಿದಿರಾ? ನಿಮ್ಮ ಕಾರ್ಡ್ ಆದ ಮೇಲೆ ಇದನ್ನು ಯಾರು ನೋಡುತ್ತಾರೆ?"

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ನೋಡುತ್ತೇನೆ, ಆ ಸೂಜಿ ನನ್ನ ಸೆರಗಿನ ತುದಿಯಲ್ಲಿ ಚುಚ್ಚಿಕೊಂಡೇ ಇತ್ತು. ಯಾವಾಗ ಚುಚ್ಚಿಕೊಂಡೆನೋ ನನಗೇ ಗೊತ್ತಿಲ್ಲ.

ಈ ಚಟ ನನಗೆ ಅಂಟಿದ್ದು ಅಣ್ಣನಿಂದ. ಅವನ ಹೆಸರು ವಾಸುದೇವ. ಮಣಿಪಾಲದ ಒಂದು ಸಂಸ್ಥೆಯಲ್ಲಿ ಹಳೆಯ ದಾಖಲೆಗಳನ್ನು ಕಾಪಾಡುವ ಕೋಣೆಯೊಂದಿತ್ತು, ಅದು ಅವನ ವಶದಲ್ಲಿತ್ತು. ದೂರದ ಊರುಗಳಿಂದ ಓದುವವರು, ಪುಸ್ತಕ ಬರೆಯುವವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಆದರೆ ಅವನು ಮಾಡುವ ಕೆಲಸ ಏನೆಂದು ಕಾರ್ಕಳದ ನನ್ನ ಗಂಡನ ಮನೆಯಲ್ಲಿ ಯಾರಿಗೂ ಕೊನೆಯವರೆಗೆ ಸರಿಯಾಗಿ ತಿಳಿಯಲಿಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆ ಕೇಳಿದ್ದರು.

"ನಿನ್ನ ಅಣ್ಣ ಮಣಿಪಾಲದಲ್ಲಾ? ಡಾಕ್ಟರಾ?"

"ಅಲ್ಲ."

"ಹಾಗಾದರೆ ಬ್ಯಾಂಕಾ?"

"ಅಲ್ಲ. ಹಳೆ ಕಾಗದ ನೋಡಿಕೊಳ್ಳುವುದು."

ಅತ್ತೆ, "ಅದಕ್ಕೂ ಸಂಬಳ ಉಂಟಾ?" ಎಂದರು. ನಾನು ಮಗಳು ಹುಟ್ಟಿದ ಮೇಲೂ ಈ ಪ್ರಶ್ನೆಗೆ ಉತ್ತರ ಕೊಡುತ್ತಲೇ ಇದ್ದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಒಮ್ಮೆ, ಅದೇ ಅತ್ತೆಯ ಕಣ್ಣು ತೋರಿಸಲು ಮಣಿಪಾಲಕ್ಕೆ ಹೋದವಳು ಅಣ್ಣನ ಕೋಣೆಗೂ ಹೋದೆ. ಅಷ್ಟು ವರ್ಷದಲ್ಲಿ ಅದೇ ಮೊದಲು. ಅವನು ಕಿಟಕಿಯ ಪಕ್ಕ ಕೂತು, ಚಪ್ಪಟೆ ಚಾಕುವಿನಿಂದ ಒಂದು ಕಾಗದದ ಕಟ್ಟಿನ ಸೂಜಿಯನ್ನು ಸಡಿಲಿಸುತ್ತಿದ್ದ. ಮಗುವಿನ ಕಾಲಿನ ಮುಳ್ಳು ತೆಗೆಯುವಾಗ ಇರುವಂಥ ಮುಖ. ಸೂಜಿ ಬಂದ ಮೇಲೆ ಉಸಿರು ಬಿಟ್ಟು ಅದನ್ನು ಡಬ್ಬಿಗೆ ಹಾಕಿದ.

"ಬಾ, ಕೂತುಕೋ. ಬೀಡಿ ಕಟ್ಟಿದ ಕೈ ಅಲ್ವಾ ನಿನ್ನದು, ನನ್ನ ಇಲ್ಲಿಯ ಹುಡುಗರಿಗಿಂತ ಚೆನ್ನಾಗಿ ಬರುತ್ತದೆ" ಎಂದು ಒಂದು ಕಟ್ಟನ್ನು ನನ್ನ ಮುಂದಿಟ್ಟ.

ನಿಜವಾಗಿಯೂ ಬಂತು. ಒಂದೂ ಹರಿಯಲಿಲ್ಲ. ಅತ್ತೆ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ಕುರುಡಿಯಂತೆ ಕಾಯುತ್ತಿದ್ದಾರೆ ಎಂಬುದು ನನಗೆ ನೆನಪಾದದ್ದು ಬಹಳ ಹೊತ್ತಿನ ಮೇಲೆ.

ಅಂದೇ ಅವನು ನನಗೆ ತನ್ನ ಚೀಟಿಗಳನ್ನು ತೋರಿಸಿದ್ದು. ಗಟ್ಟಿ ಕಾಗದದ, ಅಂಗೈ ಅಗಲದ ಚೀಟಿಗಳು, ಎಳೆದು ತೆಗೆಯುವ ಮರದ ಉದ್ದ ಸೆಳೆಖಾನೆಗಳಲ್ಲಿ. ಕೋಣೆಯಲ್ಲಿರುವ ಒಂದೊಂದು ಕಟ್ಟಿಗೂ ಒಂದೊಂದು ಚೀಟಿ. ಅದು ಅರ್ಥವಾಯಿತು. ಆದರೆ ಗೋಡೆಯ ಬದಿಗೆ ಇನ್ನೊಂದು ಸೆಳೆಖಾನೆ ಇತ್ತು. ಅದರಲ್ಲಿದ್ದದ್ದು ಈಗ ಇಲ್ಲದ ಕಾಗದಗಳ ಚೀಟಿಗಳು. ಸುಟ್ಟುಹೋದವು, ನೆರೆಯಲ್ಲಿ ಹೋದವು, ಆಸ್ತಿ ಪಾಲಾಗುವಾಗ ಕಾಣೆಯಾದವು.

"ಇಲ್ಲದ್ದಕ್ಕೆ ಎಂತಕ್ಕೆ ಚೀಟಿ?" ಎಂದೆ.

"ಇತ್ತು ಅಂತ ಗೊತ್ತಾಗಬೇಕಲ್ಲ ಮಾರಾಯ್ತಿ. ಹೇಗೆ ಹೋಯಿತು ಅಂತಲೂ ಗೊತ್ತಾಗಬೇಕು. ಇಲ್ಲದಿದ್ದರೆ ನನ್ನ ನಂತರ ಬಂದವರು ಅದನ್ನೇ ಹುಡುಕಿಕೊಂಡು ಊರೂರು ತಿರುಗಬೇಕು."

"ತೀರಿಹೋದವರ ಸರ್ಟಿಫಿಕೇಟಿನ ಹಾಗೆ" ಎಂದೆ. ಅವನಿಗೆ ಆ ಮಾತು ಬಹಳ ಹಿಡಿಸಿತು. ಆಮೇಲೆ ಬಂದವರಿಗೆಲ್ಲ ಆ ಸೆಳೆಖಾನೆ ತೋರಿಸಿ, "ಇದು ಸರ್ಟಿಫಿಕೇಟಿನದ್ದು, ನನ್ನ ತಂಗಿ ಹೇಳಿದ್ದು" ಎನ್ನುತ್ತಿದ್ದನಂತೆ.

ಪ್ರತಿ ಚೀಟಿಯ ಕೊನೆಯ ಸಾಲಿನಲ್ಲಿ ಸುದ್ದಿ ಹೇಳಿದವರ ಹೆಸರು ಇರುತ್ತಿತ್ತು. ಅದರಲ್ಲೂ ಎರಡು ಬಗೆ. ಯಾರೋ ಹೇಳಿದ್ದನ್ನು ಕೇಳಿ ಹೇಳಿದವರಾದರೆ ‘ಕೇಳಿದವರು’ ಎಂದು ಬರೆದು ಹೆಸರು. ತಾವೇ ನೋಡಿದವರಾದರೆ ‘ಕಂಡವರು’ ಎಂದು. ಕೇಳಿದವರ ಮಾತನ್ನು ಅವನು ಮತ್ತೆ ಇನ್ನೊಬ್ಬರ ಹತ್ತಿರ ವಿಚಾರಿಸುತ್ತಿದ್ದ. ಕಂಡವರ ಮಾತು ಸಿಕ್ಕಿದರೆ ಅಲ್ಲಿಗೆ ಹುಡುಕಾಟ ಮುಗಿಯಿತು. ಈ ನಿಯಮವನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ನಾನು ಅದನ್ನು ಮರೆತಿದ್ದೆ.

ನಾವು ಹುಟ್ಟಿ ಬೆಳೆದದ್ದು ಕಾಪುವಿನಲ್ಲಿ. ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದರು. ವರ್ಷಕ್ಕೊಮ್ಮೆ ಬರುತ್ತಿದ್ದರು, ಕೆಲವು ವರ್ಷ ಅದೂ ಇಲ್ಲ. ಅಮ್ಮನಿಗೆ ಓದು ಬರಹ ಇರಲಿಲ್ಲ. ಅಣ್ಣನಿಗೆ ಕೈಬರಹ ಕೂಡಿಬಂದದ್ದೇ ಅಪ್ಪನಿಗೆ ಕಾಗದ ಬರೆಯುವ ಕೆಲಸ ಅವನ ಮೇಲೆ ಬಿತ್ತು. ಭಾನುವಾರ ಮಧ್ಯಾಹ್ನ ಅಮ್ಮ ಬೀಡಿಯ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸುತ್ತಾ ಹೇಳುತ್ತಿದ್ದರು. ಅಣ್ಣ ನೆಲದ ಮೇಲೆ ಬೋರಲು ಮಲಗಿ ಬರೆಯುತ್ತಿದ್ದ. ನಾನು ಅಂಚೆ ಕಾಗದದ ಅಂಚಿಗೆ ಹಚ್ಚಲು ಅನ್ನದ ಅಗುಳು ಹಿಡಿದು ಕಾಯುತ್ತಿದ್ದೆ. ಅದು ನನ್ನ ಇಲಾಖೆ.

ನಾನು ಓದಿದ್ದು ಆರನೆಯ ತರಗತಿ. ಅದರಲ್ಲಿ ದುಃಖದ ಕತೆ ಮಾಡುವಂಥದ್ದೇನೂ ಇಲ್ಲ, ನನ್ನ ಓರಗೆಯ ಹುಡುಗಿಯರೆಲ್ಲ ಹೆಚ್ಚು ಕಡಿಮೆ ಅಷ್ಟೇ. ಒಬ್ಬರು ಓದಬೇಕಾದರೆ ಒಬ್ಬರು ಬೀಡಿ ಕಟ್ಟಬೇಕಿತ್ತು. ಅಣ್ಣ ಓದಿದ, ನಾನು ಕಟ್ಟಿದೆ. ಆದರೂ ಓದು ನನ್ನನ್ನು ಪೂರ್ತಿ ಬಿಡಲಿಲ್ಲ. ನೆರೆಯ ಹುಡುಗಿಯರೆಲ್ಲ ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದೆವು. ವಾರಪತ್ರಿಕೆ ಬಂದ ದಿನ ಒಬ್ಬಳು ಧಾರಾವಾಹಿಯನ್ನು ಗಟ್ಟಿಯಾಗಿ ಓದಬೇಕು, ಅವಳ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡಬೇಕು. ಓದುವವಳು ಯಾವಾಗಲೂ ನಾನೇ. ಒಳ್ಳೆಯ ಕಡೆ ಬಂದಾಗ ನಿಲ್ಲಿಸಿ ನೀರು ಕುಡಿಯಲು ಏಳುವುದು, ಅವರಿಂದ ಬೈಸಿಕೊಳ್ಳುವುದು, ಇದರಲ್ಲಿ ನನಗೆ ಏನೋ ದೊಡ್ಡಸ್ತಿಕೆ. ಇವತ್ತು ನಾಲ್ಕು ಸಾಲು ಬರೆಯಲು ಬರುವುದಿದ್ದರೆ ಆ ಜಗಲಿಯಿಂದ.

ಸಿಟ್ಟಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಇತ್ತು, ಆದರೆ ಒಳಗೆಲ್ಲೋ ಮಡಚಿ ಇಟ್ಟಿದ್ದೆ. ಅದು ಹೊರಗೆ ಬಂದದ್ದು ಮಗಳ ನಿಶ್ಚಿತಾರ್ಥದ ದಿನ.

ನಮ್ಮಲ್ಲಿ ಹುಡುಗಿಯ ನಿಶ್ಚಯಕ್ಕೆ ಸೋದರಮಾವ ಮುಂದೆ ನಿಲ್ಲಬೇಕು. ವೀಳ್ಯದ ತಟ್ಟೆ ಅವನ ಕೈಯಿಂದಲೇ ಗಂಡಿನ ಕಡೆಯವರ ಕೈಗೆ ಹೋಗಬೇಕು. ಅಪ್ಪ ಎದುರಿಗೆ ಇದ್ದರೂ ಮಾವನಿಲ್ಲದೆ ತಟ್ಟೆ ಏಳುವುದಿಲ್ಲ. ನನ್ನ ಮಗಳಿಗೆ ಇದ್ದದ್ದು ಒಬ್ಬನೇ ಮಾವ, ಮದುವೆ ಮಕ್ಕಳು ಇಲ್ಲದವನು, ಅವಳ ಮೇಲೆ ಪ್ರಾಣ ಇಟ್ಟುಕೊಂಡವನು. ಹತ್ತೂವರೆಗೆ ಮುಹೂರ್ತ. ಹತ್ತೂವರೆಯಾಯಿತು, ಹನ್ನೊಂದೂವರೆಯಾಯಿತು, ಅಣ್ಣ ಇಲ್ಲ. ಗಂಡಿನ ಕಡೆಯ ಹಿರಿಯರೊಬ್ಬರು ಬಾಯಿಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಹುಡುಗಿಯ ಮಾವನಿಗೆ ಈ ಸಂಬಂಧ ಇಷ್ಟ ಇಲ್ಲವಾ ಹೇಗೆ?" ಎಂದು ಎಲ್ಲರಿಗೂ ಕೇಳುವಂತೆ ಮೆಲ್ಲಗೆ ಹೇಳಿದರು. ಒಳಗೆ ಮಗಳು ಸೀರೆ ಉಟ್ಟು ಕೂತಲ್ಲೇ ಬೆವರುತ್ತಿದ್ದಳು.

ಅಣ್ಣ ಬಂದಾಗ ಒಂದೂವರೆ ಗಂಟೆ. ತಲೆ ತುಂಬಾ ಧೂಳು, ಕಂಕುಳಲ್ಲಿ ಒಂದು ಕಟ್ಟು.

"ಎಲ್ಲೂರಿನಲ್ಲಿ ಒಂದು ಮನೆಯವರು ಅಟ್ಟ ಖಾಲಿ ಮಾಡುತ್ತಾರೆ ಅಂತ ಗೊತ್ತಾಯಿತು. ಬೆಳಿಗ್ಗೆ ಬೇಗ ಹೋಗಿ ಒಂದು ಗಂಟೆಯಲ್ಲಿ ಬರುವ ಅಂತ ಗ್ರಹಿಸಿದ್ದೆ. ಪಡುಬಿದ್ರಿಯಲ್ಲಿ ಬಸ್ಸು ತಪ್ಪಿತು" ಎಂದ.

ಅವನು ಕೈ ತೊಳೆದು ಬಂದು ತಟ್ಟೆ ಎತ್ತಿದ. ಫೋಟೋದಲ್ಲಿ ಈಗಲೂ ನೋಡಬಹುದು, ತಟ್ಟೆ ಹಿಡಿದ ಮಾವನ ಬಲಕಿವಿಯ ಮೇಲೆ ಜೇಡರ ಬಲೆಯ ಒಂದು ತುಂಡು ನೇತಾಡುತ್ತಿದೆ. ಸಂಬಂಧ ಏನೂ ಮುರಿಯಲಿಲ್ಲ, ಮಗಳು ಸುಖವಾಗಿದ್ದಾಳೆ. ಊಟದ ಹೊತ್ತಿಗೆ ಎಲ್ಲರೂ ಮರೆತೂ ಬಿಟ್ಟರು. ನಾನು ಮಾತ್ರ ಮರೆಯಲಿಲ್ಲ. ಅವನು ಹೊರಡುವಾಗ ಬಾಗಿಲವರೆಗೂ ಹೋಗಲಿಲ್ಲ.

ಅದಾಗಿ ಮೂರು ವಾರಕ್ಕೆ ಅವನ ಫೋನ್ ಬಂತು. ಮೇ ತಿಂಗಳು. ಸ್ವರ ಕೇಳಿದರೇ ಜ್ವರ ಇದೆಯೆಂದು ತಿಳಿಯುತ್ತಿತ್ತು.

"ಗುಲಾಬಿ, ನಿನ್ನ ಮನೆ ಹತ್ತಿರ ಪದ್ಮಯ್ಯ ಮಾಸ್ಟ್ರ ಮನೆ ಉಂಟಲ್ಲ, ಅದನ್ನು ಕೆಡವುತ್ತಾರಂತೆ."

"ಶುರು ಮಾಡಿ ಆಯಿತು. ಹಂಚು ಇಳಿಸಿದ್ದಾರೆ."

"ಒಳಗೆ ಒಂದು ಹಲಸಿನ ಮರದ ಪೆಟ್ಟಿಗೆ ಉಂಟು. ಮಾಸ್ಟ್ರ ಮಗನಿಗೆ ಕಾಗದ ಬರೆದು ಕೇಳಿದ್ದೆ, ತೆಗೆದುಕೊಳ್ಳಿ ಅಂತ ಇವತ್ತು ಉತ್ತರ ಬಂತು. ನನಗೆ ಏಳಲಿಕ್ಕೇ ಆಗುವುದಿಲ್ಲ. ನೀನು ಹೋಗಿ ಅದನ್ನು ನಿನ್ನ ಚಾವಡಿಯಲ್ಲಿ ಇಡಿಸು. ಇಷ್ಟು ಮಾಡು, ಸಾಕು."

"ಆಯಿತು" ಎಂದೆ.

ಪದ್ಮಯ್ಯ ಮಾಸ್ಟ್ರು ನಾನು ಮದುವೆಯಾಗಿ ಬರುವ ಹೊತ್ತಿಗೇ ತೀರಿಹೋಗಿದ್ದರು. ಶಾಲೆ ಬಿಟ್ಟ ಮೇಲೆ ಸಂಜೆ ತಮ್ಮ ಜಗಲಿಯಲ್ಲಿ ಕೂತು, ಬರೆಯಲು ಬಾರದವರಿಗೆ ಕಾಗದ ಬರೆದುಕೊಡುತ್ತಿದ್ದರಂತೆ. ಹೆಚ್ಚಿನವರು ಹೆಂಗಸರು, ಗಂಡಂದಿರು ಮುಂಬಯಿಯಲ್ಲಿ ಇದ್ದವರು. ಮಾಸ್ಟ್ರು ಮೊದಲು ಒಂದು ಪುಸ್ತಕದಲ್ಲಿ ಕರಡು ಬರೆದುಕೊಂಡು, ಓದಿ ಹೇಳಿ, ಅವರು ಹೂಂ ಅಂದ ಮೇಲೆ ಅಂಚೆಯ ಕಾಗದಕ್ಕೆ ಇಳಿಸುತ್ತಿದ್ದರು. ಆ ಕರಡು ಪುಸ್ತಕಗಳು ಪೆಟ್ಟಿಗೆಯಲ್ಲಿದ್ದವು.

ಆ ದಿನ ನಾನು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಬಟ್ಟೆ ಒಗೆದೆ, ಹಪ್ಪಳ ಒಣಗಿಸಿದೆ, ಒಗೆದ ಬಟ್ಟೆಯನ್ನೇ ಇನ್ನೊಮ್ಮೆ ಹಿಂಡಿದೆ. ಮೂರನೆಯ ದಿನ ಹಾಲಿಗೆಂದು ಅದೇ ದಾರಿಯಲ್ಲಿ ಹೋಗುವಾಗ, ಮನೆ ಕೆಡವುತ್ತಿದ್ದ ಕೆಲಸದವರಲ್ಲಿ ಒಬ್ಬಳು ನನ್ನನ್ನು ಕರೆದಳು. ಕೊಪ್ಪಳದ ಕಡೆಯವಳು, ಹುಲಿಗೆವ್ವ ಎಂದು ಹೆಸರು. ನಮ್ಮ ಬಾವಿಯಿಂದ ನೀರು ಸೇದಿಕೊಂಡು ಹೋಗುತ್ತಿದ್ದುದರಿಂದ ಪರಿಚಯ.

"ಅಕ್ಕಾರ, ಒಂದೀಟ ಬರ್ರಿ ಇಲ್ಲಿ. ಈ ಪೆಟ್ಟಿಗ್ಯಾಗ ಬರೇ ಪುಸ್ತಕ ಅದಾವ್ರಿ. ನಿಮಗ ಬೇಕೇನ್ರಿ?"

ಹೋಗಿ ನೋಡಿದೆ. ಪೆಟ್ಟಿಗೆ ಅಂಗಳದಲ್ಲಿ ಬಾಯಿ ತೆರೆದು ಕೂತಿತ್ತು. ಒಳಗೆ ಒತ್ತೊತ್ತಾಗಿ ಉದ್ದ ಪುಸ್ತಕಗಳು, ಒಂದಕ್ಕೂ ಹುಳು ಹಿಡಿದಿರಲಿಲ್ಲ. ಎಡೆಯಲ್ಲಿ ಒಣಗಿದ ಲಕ್ಕಿ ಸೊಪ್ಪು ಇಟ್ಟಿದ್ದರು, ಅದರ ವಾಸನೆ ಇನ್ನೂ ಇತ್ತು. ಹುಲಿಗೆವ್ವ ಒಂದು ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟಳು.

"ನನಗ ಓದಾಕ ಬರೂದಿಲ್ರಿ. ಆದ್ರ ಅಕ್ಷರ ನೋಡ್ರಿ, ಮುತ್ತ ಪೋಣಿಸಿದಂಗ ಐತಿ. ನಿನ್ನಿ ಮಳಿಗೆ ಸೌದಿ ಎಲ್ಲಾ ತೊಯ್ದಾವು, ಮೇಸ್ತ್ರಿ ಇದನ್ನ ಒಲಿಗೆ ಹಾಕು ಅಂತಾನ. ನನಗ ಮನಸ್ಸ ಆಗವಲ್ದು."

ತೆರೆದ ಪುಟದಲ್ಲಿ ಕಣ್ಣು ಬಿದ್ದಲ್ಲಿಂದ ಓದಿದೆ. ಯಾರೋ ಹೆಂಗಸು ತನ್ನ ಗಂಡನಿಗೆ ಹೇಳಿ ಬರೆಸಿದ್ದು. "ಕೆಂಪು ದನ ಕರು ಹಾಕಿತು, ಹೆಣ್ಣು. ನೀವು ಹೇಳಿದ ಹೆಸರು ಇಟ್ಟಿಲ್ಲ, ನೀವು ಬಂದು ನೋಡಿ ಕರೆದರೆ ಚಂದ ಅಂತ. ಈಗ ನಾವು ಅದನ್ನು ಏನೂ ಕರೆಯುವುದಿಲ್ಲ. ಬಾ ಅಂದರೆ ಬರುತ್ತದೆ."

ಇಷ್ಟು ಓದಿದೆ. ಓದಿ, ಪುಸ್ತಕವನ್ನು ಮುಚ್ಚಿ ಪೆಟ್ಟಿಗೆಗೆ ಹಾಕಿದೆ. ನನ್ನ ಕಣ್ಣಿಗೆ ಆಗ ಕಾಣುತ್ತಿದ್ದದ್ದು ಸೀರೆ ಉಟ್ಟು ಬೆವರುತ್ತಿದ್ದ ನನ್ನ ಮಗಳು ಮಾತ್ರ.

"ನನಗೆ ಬೇಡ. ಹಳೇ ಕಾಗದ ಅಲ್ವಾ, ಎಂತ ಬೇಕಾದರೂ ಮಾಡಿ" ಎಂದೆ.

ಹುಲಿಗೆವ್ವ ನನ್ನ ಮುಖ ನೋಡಿದಳು. "ನೀವು ಓದಿದವರು ಬ್ಯಾಡ ಅಂದ್ರ ನಾ ಏನ್ ಮಾಡ್ಲಿ" ಎಂದಳು. ಆ ವಾರ ಪೂರ್ತಿ ಅವರ ಒಲೆ ಸಲೀಸಾಗಿ ಹತ್ತಿಕೊಂಡಿತು. ಅಂಗಳದಲ್ಲಿ ಬಟ್ಟೆ ಒಣಹಾಕುವಾಗ ಹೊಗೆ ಕಾಣುತ್ತಿತ್ತು.

ಹತ್ತು ದಿನ ಕಳೆದು ಅಣ್ಣ ಬಂದ. ಜ್ವರದಲ್ಲಿ ಇಳಿದುಹೋಗಿದ್ದ, ಅಂಗಿ ಹೆಗಲಿನಿಂದ ಜಾರುತ್ತಿತ್ತು. ಮೆಟ್ಟಿಲು ಹತ್ತುವಾಗಲೇ ಚಾವಡಿಯ ಮೂಲೆ ಮೂಲೆ ನೋಡಿದ. ಅವನು ಕೇಳುವ ಮೊದಲೇ ನಾನು ಹೇಳಿಬಿಟ್ಟೆ.

"ಎಲ್ಲ ಗೆದ್ದಲು ತಿಂದಿತ್ತು ಅಣ್ಣ. ಮುಟ್ಟಿದರೆ ಪುಡಿ."

"ಹಲಸಿನ ಪೆಟ್ಟಿಗೆಗೆ ಗೆದ್ದಲಾ?"

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಹಲಸಿಗೆ ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಅವನೇ ಸ್ವಲ್ಪ ಯೋಚಿಸಿ, "ಅಡಿ ಹಲಗೆ ಬೇರೆ ಮರದ್ದಿರಬೇಕು. ಅಲ್ಲಿಂದ ಹತ್ತಿದೆ" ಎಂದ. ನನ್ನ ಸುಳ್ಳಿನಲ್ಲಿದ್ದ ತೂತನ್ನು ಅವನೇ ಮುಚ್ಚಿಕೊಟ್ಟ.

"ನೀನೇ ನೋಡಿದೆಯಾ?"

"ನಾನೇ ನೋಡಿದ್ದು. ಒಳಗೆಲ್ಲ ಮಣ್ಣು ಕಟ್ಟಿತ್ತು." ಒಮ್ಮೆ ಶುರುವಾದ ಮೇಲೆ ಮಣ್ಣೂ ಬಂತು, ಬಿಳಿ ಹುಳುಗಳೂ ಬಂದವು.

ಅವನು ಜೇಬಿನಿಂದ ಒಂದು ಖಾಲಿ ಚೀಟಿ ತೆಗೆದು, ನನ್ನ ಊಟದ ಮೇಜಿನ ಮೇಲಿಟ್ಟು ಬರೆದ. ಬರೆದು ಮುಗಿಸಿ, ಚಾ ಕುಡಿಯುತ್ತಾ ಹೇಳಿದ.

"ನಿನಗೆ ನೆನಪುಂಟಾ, ನಾನು ಅಮ್ಮನ ಕಾಗದ ಬರೆಯುತ್ತಿದ್ದದ್ದು?"

"ಅನ್ನದ ಅಗುಳು ನನ್ನದಲ್ವಾ."

ಅವನು ನಗಲಿಲ್ಲ. "ಅಮ್ಮ ಎಷ್ಟು ಹೇಳುತ್ತಿದ್ದರು. ನಾನು ಅಷ್ಟೂ ಬರೆಯುತ್ತಿರಲಿಲ್ಲ. ನನಗೆ ಆಡಲಿಕ್ಕೆ ಹೋಗಬೇಕಿತ್ತು. ಅಮ್ಮ ಹೇಳಿದ್ದನ್ನೆಲ್ಲ ಬಿಟ್ಟು, ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ಬರೆದು ಮುಗಿಸುತ್ತಿದ್ದೆ. ಓದಿ ಹೇಳು ಅಂದರೆ, ಬರೆಯದ್ದನ್ನೂ ಸೇರಿಸಿ ಓದಿದ ಹಾಗೆ ಮಾಡುತ್ತಿದ್ದೆ. ಅಪ್ಪನಿಗೆ ಅಮ್ಮ ಹೇಳಿದ್ದು ಒಂದೂ ಮುಟ್ಟಿಲ್ಲ ಗುಲಾಬಿ. ಪದ್ಮಯ್ಯ ಮಾಸ್ಟ್ರು ಹಾಗಲ್ಲವಂತೆ. ಹೇಳಿದ ಹಾಗೇ ಬರೆಯುತ್ತಿದ್ದರಂತೆ. ಆ ಹೆಂಗಸರು ಮಾತಾಡಿದ್ದು ಹೇಗೆ ಅಂತ ಒಂದು ಕಡೆಯಾದರೂ ಇದ್ದರೆ ನೋಡಬೇಕು ಅಂತ ಇತ್ತು. ಹೋಗಲಿ ಬಿಡು."

ಆಗಲೇ ಹೇಳಬಹುದಿತ್ತು. ದನದ ಆ ನಾಲ್ಕು ಸಾಲು ನನಗೆ ಬಾಯಿಗೆ ಬರುತ್ತಿತ್ತು. ಅವನಿಗೆ ಅಷ್ಟಾದರೂ ಕೊಡಬಹುದಿತ್ತು. ಆದರೆ ಕೊಡಬೇಕಾದರೆ ಪುಡಿಯಾದ ಪುಸ್ತಕದಲ್ಲಿ ಹೇಗೆ ಓದಿದೆ ಎಂದು ಹೇಳಬೇಕಲ್ಲ. ನಾನು ಇನ್ನಷ್ಟು ಚಾ ಬೇಕಾ ಎಂದು ಕೇಳಿದೆ.

ಅವನ ಮೇಲಿನ ಸಿಟ್ಟು ಆ ದಿನವೇ ಹೋಯಿತು. ಹೋದ ಜಾಗದಲ್ಲಿ ಈ ಸುಳ್ಳು ಬಂದು ಕೂತುಕೊಂಡಿತು. ಆಮೇಲಿನ ಐದಾರು ವರ್ಷ ನಾನು ಅವನಿಗೆ ಮಾಡಿದ ಉಪಚಾರಕ್ಕೆ ಲೆಕ್ಕವಿಲ್ಲ. ಉಡುಪಿಗೆ ಹೋಗುವವರು ಯಾರು ಸಿಕ್ಕಿದರೂ ಅವರ ಕೈಯಲ್ಲಿ ಪತ್ರೊಡೆ, ಉಪ್ಪಿನಕಾಯಿ, ಹಲಸಿನ ಹಪ್ಪಳ ಕಳಿಸುತ್ತಿದ್ದೆ. "ನಿನಗೆ ನನ್ನ ಮೇಲೆ ಇದ್ದಕ್ಕಿದ್ದ ಹಾಗೆ ಎಂತ ಪ್ರೀತಿ ಮಾರಾಯ್ತಿ, ಇಲ್ಲಿ ಇಡಲಿಕ್ಕೆ ಡಬ್ಬಿ ಇಲ್ಲ" ಎಂದು ಫೋನಿನಲ್ಲಿ ನಗುತ್ತಿದ್ದ.

ಕೊನೆಗೆ ಅವನಿಗೆ ಹೃದಯದ ತೊಂದರೆಯಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ. ಹಗಲಿಡೀ ಅವನ ಹತ್ತಿರ ಇರುತ್ತಿದ್ದದ್ದು ನಾನೇ. ಕಾರ್ಕಳದಿಂದ ಹೋಗುವ ಬಸ್ಸಿನಲ್ಲಿ ದಿನವೂ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಣ್ಣ, ನಿನಗೆ ಒಂದು ಹೇಳಲಿಕ್ಕುಂಟು. ಇಲ್ಲಿಂದ ಶುರು. ವಾರ್ಡಿನ ಬಾಗಿಲು ದಾಟಿದರೆ ಬಾಯಿಗೆ ಬರುತ್ತಿದ್ದದ್ದು ನೆರೆಮನೆಯ ನಾಯಿ ಮರಿ ಹಾಕಿದ ಸುದ್ದಿ. ಆರನೆಯ ದಿನ ಅವನೇ ನನ್ನ ಕೈ ಹಿಡಿದು, "ಎಂತ ಗುಲಾಬಿ, ಏನೋ ಹೇಳಲಿಕ್ಕೆ ಹೊರಟು ನಿಲ್ಲಿಸುತ್ತೀ" ಎಂದ. ನಾನು ಮೂಸಂಬಿ ಸುಲಿಯತೊಡಗಿದೆ. ಡಾಕ್ಟರು ಬೇಸರದ ಸುದ್ದಿ ಹೇಳಬಾರದು ಎಂದಿದ್ದಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಡಾಕ್ಟರು ಹಾಗೆ ಹೇಳಿರಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ನಾನು ಬಸ್ಸಿನಲ್ಲಿದ್ದಾಗಲೇ ಅವನು ಹೋಗಿದ್ದ.

ಉಡುಪಿಯಲ್ಲಿ ಅವನ ನೆನಪಿಗೆ ಒಂದು ಸಭೆ ಮಾಡಿದರು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಮಾತಾಡಿದವರೊಬ್ಬರು, "ವಾಸುದೇವರು ಕಂಡವರ ಮಾತು ಸಿಗದೆ ಯಾವುದನ್ನೂ ಮುಗಿಸಿದವರಲ್ಲ. ಅವರ ಸೆಳೆಖಾನೆಯಲ್ಲಿ ಒಂದು ಸುಳ್ಳು ಚೀಟಿ ಸಿಗಲಿಕ್ಕಿಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಂಗಿಯವರು ಎರಡು ಮಾತು ಹೇಳಬೇಕು ಎಂದು ಮೈಕು ಕೊಟ್ಟರು. "ನನಗೆ ಗೊತ್ತಿಲ್ಲ" ಎಂದು ಹೇಳಿ ಕೂತೆ. ದುಃಖದಿಂದ ಹಾಗೆ ಹೇಳಿದ್ದು ಎಂದು ಎಲ್ಲರೂ ತಿಳಿದುಕೊಂಡರು.

ಸಭೆಯಾದ ಮೂರನೆಯ ದಿನ ಮಣಿಪಾಲಕ್ಕೆ ಹೋದೆ. ಅಣ್ಣನ ಕೈಕೆಳಗೆ ಕೆಲಸ ಕಲಿತ ಮಮತಾ ಎಂಬ ಹುಡುಗಿ ಈಗ ಆ ಕೋಣೆಯನ್ನು ನೋಡಿಕೊಳ್ಳುತ್ತಾಳೆ. ಅವನ ಬಟ್ಟೆಬರೆ, ಕೊಡೆ ಎಲ್ಲ ಕಟ್ಟಿ ಇಟ್ಟಿದ್ದಳು. ನಾನು ಅದನ್ನು ಮುಟ್ಟದೆ, "ಇಲ್ಲದ ಕಾಗದದ ಸೆಳೆಖಾನೆ ತೆಗೆಯುತ್ತೀಯಾ? ಕಾರ್ಕಳ, ಪದ್ಮಯ್ಯ ಮಾಸ್ಟ್ರು" ಎಂದೆ.

ಕೂಡಲೇ ಸಿಕ್ಕಿತು. ಅವನ ಅಕ್ಷರ. ಕರಡು ಪುಸ್ತಕಗಳು, ಒಂದು ಪೆಟ್ಟಿಗೆ. ಗೆದ್ದಲಿನಿಂದ ಪೂರ್ತಿ ನಾಶ. ಕೊನೆಯ ಸಾಲು: ‘ಕಂಡವರು: ಗುಲಾಬಿ, ನನ್ನ ತಂಗಿ.’

ಬೇರೆ ಯಾವ ಚೀಟಿಯಲ್ಲೂ ಅವನು ಸಂಬಂಧ ಬರೆಯುತ್ತಿರಲಿಲ್ಲ. ಊರು, ಹೆಸರು, ಅಷ್ಟೇ. ಮಮತಾ ಕೂಡ ಅದನ್ನು ನೋಡಿ, "ಸರ್ ಇಲ್ಲಿ ಮಾತ್ರ ತಂಗಿ ಅಂತ ಹಾಕಿದ್ದಾರೆ ಅಕ್ಕ" ಎಂದಳು. ಪ್ರೀತಿಯಿಂದಲೇ ಹೇಳಿದಳು.

"ಇದನ್ನು ಹರಿದು ಹಾಕು. ಇದು ಸುಳ್ಳು" ಎಂದೆ.

ಅವಳು ಚೀಟಿಯನ್ನೂ ನನ್ನನ್ನೂ ನೋಡಿದಳು. ಕುರ್ಚಿ ಎಳೆದು ನನ್ನನ್ನು ಕೂರಿಸಿದಳು. ಆಮೇಲೆ, "ಹರಿಯಲಿಕ್ಕಿಲ್ಲ ಅಕ್ಕ. ಸರ್ ಬಿಡುತ್ತಿರಲಿಲ್ಲ. ತಪ್ಪಿದ್ದರೆ ಹೊಸ ಚೀಟಿ ಬರೆದು ಹಳೆಯದರ ಹಿಂದೆ ಇಡುವುದು. ಎರಡೂ ಇರಬೇಕು" ಎಂದಳು.

"ಸುಳ್ಳೂ ಇರಬೇಕಾ?"

"ಹೌದಕ್ಕ. ಯಾವಾಗ ಏನು ಹೇಳಿದ್ದರು, ಆಮೇಲೆ ಯಾವಾಗ ಸರಿ ಮಾಡಿದರು, ಎರಡೂ ಗೊತ್ತಾಗಬೇಕಲ್ಲ."

ಅವಳು ಹೊಸ ಚೀಟಿ ತೆಗೆದಳು. ನಾನು ಹೇಳುತ್ತಾ ಹೋದೆ, ಅವಳು ಬರೆದಳು. ಪೆಟ್ಟಿಗೆಗೆ ಗೆದ್ದಲು ಬಂದಿರಲಿಲ್ಲ. ಪುಸ್ತಕಗಳು ಚೆನ್ನಾಗಿದ್ದವು. ಒಲೆಗೆ ಹೋದವು. ಅಲ್ಲಿ ಅವಳ ಪೆನ್ನು ನಿಂತಿತು.

"ಮನೆ ಕೆಡವಿದವರು ಸುಟ್ಟರು ಅಂತ ಬರೆಯಲಾ?"

"ಬೇಡ. ಹಾಗೆ ಬರೆಯಬಾರದು. ಆ ಹೆಂಗಸಿಗೆ ಮನಸ್ಸಿರಲಿಲ್ಲ. ಬೇಕಾ ಅಂತ ನನ್ನನ್ನು ಕರೆದು ಕೇಳಿದಳು. ಬೇಡ ಅಂದವಳು ನಾನು. ಹಾಗೇ ಬರೆ, ನನ್ನ ಹೆಸರು ಹಾಕಿ."

ಬರೆದಳು. ಕೆಂಪು ದನದ ನಾಲ್ಕು ಸಾಲನ್ನೂ ಹೇಳಿದೆ. ಅದಕ್ಕೆ ಜಾಗ ಸಾಲದೆ ಇನ್ನೊಂದು ಚೀಟಿ ತೆಗೆದಳು. ಬಾ ಅಂದರೆ ಬರುತ್ತದೆ ಎಂಬಲ್ಲಿಗೆ ಮುಟ್ಟಿದಾಗ ಅವಳು ತಲೆ ಎತ್ತಲಿಲ್ಲ, ಅಕ್ಷರ ಮಾತ್ರ ಸ್ವಲ್ಪ ನಿಧಾನವಾಯಿತು.

"ಮುಗಿಯಿತಾ ಅಕ್ಕ?"

"ಇನ್ನೊಂದು ಮಾತುಂಟು. ಅದು ಚೀಟಿಗೆ ಅಲ್ಲ."

ಅವಳು ಎದ್ದು ಹೊರಗೆ ಹೋಗಲು ನೋಡಿದಳು. ಇಲ್ಲೇ ಇರು ಎಂದೆ. ಯಾರಾದರೂ ಒಬ್ಬರು ಕೇಳಬೇಕಿತ್ತು. ಅವಳು ಪೆನ್ನು ಮುಚ್ಚಿ ಕೂತಳು. ಅಣ್ಣನೂ ನಾನೂ ಜನ್ಮವಿಡೀ ಮಾತಾಡಿದ್ದು ತುಳುವಿನಲ್ಲಿ. ಅದರಲ್ಲೇ, ಅವನು ಎದುರಿಗೆ ಕೂತಿದ್ದರೆ ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದೆನೋ ಅಷ್ಟೇ ಗಟ್ಟಿಯಾಗಿ ಹೇಳಿದೆ.

"ಅಣ್ಣ, ಪೆಟ್ಟಿಗೆ ಚೆನ್ನಾಗಿಯೇ ಇತ್ತು. ನಾನು ನೋಡಿದೆ, ಓದಿದೆ, ಬೇಕೆಂದೇ ಬಿಟ್ಟು ಬಂದೆ. ಜ್ವರದಲ್ಲಿ ಮಲಗಿ ನೀನು ನನ್ನನ್ನು ನಂಬಿದೆ. ಸುಳ್ಳು ಹೇಳಿದೆ. ಎಂಟು ದಿನ ನಿನ್ನ ಹತ್ತಿರ ಕೂತರೂ ಬಾಯಿ ಬಿಡಲಿಲ್ಲ. ನನ್ನಿಂದ ತಪ್ಪಾಯಿತು ಅಣ್ಣ."